ಮೆಂಬರ್ ಕೊಟ್ರಪ್ಪನ ತಲೆ ಮತ್ತು ನಮ್ಮ ಮನೆಯ ಗೂಟ

ಕೆಲವರಿಗೆ ಕೋಪ ಬೇಗ ಬರುತ್ತದೆ, ಕೆಲವರಿಗೆ ನಿದ್ದೆ ಬೇಗ ಬರುತ್ತದೆ. ನಾನು ಬೇಗ ದಂಗಾಗುತ್ತೇನೆ. ಇದು ನಮ್ಮ ತಂದೆಯಿಂದ ಬಂದ ಗುಣವಲ್ಲ. ಅವರು ಮನೆಯೊಳಗೆ ಹಾವು ಬಂದರೂ ‘ಬಂದೈತಾ, ಹೋಗ್ತೈತೆ ಬಿಡು’ ಎಂದು ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತ ಕೂತಿರುತ್ತಿದ್ದವರು. ನನಗೆ ಮಾತ್ರ ಪಕ್ಕದ ಮನೆಯ ಎಮ್ಮೆ ಕರು ಹಾಕಿತೆಂದರೂ ಎದೆ ಧಸಕ್ಕೆನ್ನುತ್ತದೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ನೀಲಮ್ಮ ಇದನ್ನು ಮೃದು ಹೃದಯ ಎಂದು ತಪ್ಪು ತಿಳಿದಿದ್ದಳು. ಈಗ ಆ ತಪ್ಪು ತಿಳಿವಳಿಕೆ ಇಲ್ಲ. ‘ನಮ್ಮನೆಯೋರು ಬೆಳಗಾಯ್ತು ಅಂದ್ರೂ ಬಾಯಿ ಮೇಲೆ ಬೆರಳಿಡ್ತಾರೆ’ ಎಂದು ಬಂದವರ ಮುಂದೆ ಹೇಳಿ ನಗುತ್ತಾಳೆ. ನಿಜ ಹೇಳಬೇಕೆಂದರೆ ಚಿತ್ರದುರ್ಗದಲ್ಲಿ ಹುಟ್ಟಿ ಬೆಳೆದವನಿಗೆ ಈ ಗುಣ ಇರಬಾರದು. ಆನೆಗಾತ್ರದ ಬಂಡೆ ಕುರಿಗಾತ್ರದ ಬಂಡೆಯ ಮೇಲೆ ಕೂತು, ಈಗ ಬಿದ್ದೀತು ಆಗ ಬಿದ್ದೀತು ಎನ್ನುವಂತಿದ್ದರೂ ಎಷ್ಟೋ ತಲೆಮಾರಿನಿಂದ ಬೀಳದೆ ಇರುವ ಊರು ಇದು. ಅದನ್ನು ದಿನಾ ನೋಡುತ್ತ ಬೆಳೆದವರು ಯಾವುದಕ್ಕೂ ಹುಬ್ಬೇರಿಸುವುದಿಲ್ಲ. ಆದರೂ ನನ್ನ ಭಾವಮೈದನ ಸಮಾಚಾರ ಕೇಳಿ ಹುಬ್ಬೇರದವರು ಯಾರಾದರೂ ಇದ್ದರೆ, ಅವರನ್ನು ಆ ಬಂಡೆಗಳ ಪೈಕಿಯೇ ಸೇರಿಸಬೇಕು.

ಭಾವಮೈದ ಎಂದರೆ ನೀಲಮ್ಮನ ಒಬ್ಬನೇ ತಮ್ಮ, ಹೊಳಲ್ಕೆರೆ ಕಡೆಯ ಕೊಟ್ರಪ್ಪ. ಹೊಲಮನೆ, ಬಂಡಿಯೆತ್ತು, ಆಳುಕಾಳು ಎಲ್ಲ ಇದ್ದ ಕುಳ. ಅದು ಮಹಾರಾಜರ ಕಾಲ. ವರ್ಷಕ್ಕೊಮ್ಮೆ ದಸರೆಯ ಹೊತ್ತಿಗೆ ಮೈಸೂರಿನಲ್ಲಿ ದಿವಾನರ ಎದುರು ಒಂದು ಸಭೆ ಸೇರುತ್ತಿತ್ತು. ಒಂದೊಂದು ತಾಲ್ಲೂಕಿನಿಂದ ಆರಿಸಿ ಹೋದ ಮೆಂಬರುಗಳು ಅಲ್ಲಿ ಎದ್ದು ನಿಂತು ತಮ್ಮ ಕಡೆಯ ಕಷ್ಟ ಅರಿಕೆ ಮಾಡಿಕೊಳ್ಳಬೇಕು. ಕೊಟ್ರಪ್ಪ ಅಂಥ ಮೆಂಬರು. ಅವನ ಅರಿಕೆ ಪ್ರತಿ ವರ್ಷವೂ ಒಂದೇ, ತಮ್ಮೂರಿನ ಹಳ್ಳಕ್ಕೆ ಒಂದು ಸೇತುವೆ ಬೇಕು. ದಿವಾನರ ಉತ್ತರವೂ ಒಂದೇ, ಪರಿಶೀಲಿಸಲಾಗುವುದು. ಅಷ್ಟನ್ನು ಕೇಳಿಸಿಕೊಂಡು, ಜಂಬೂಸವಾರಿ ನೋಡಿಕೊಂಡು, ಅಕ್ಕನಿಗೆ ಮೈಸೂರು ಎಲೆಯ ಒಂದು ಕಟ್ಟು ತೆಗೆದುಕೊಂಡು ಬಂದುಬಿಡುತ್ತಿದ್ದ. ಆನೆ ಎಷ್ಟು ಎತ್ತರ ಇತ್ತು, ಅರಮನೆಯ ದೀಪ ಹೇಗೆ ಉರಿಯಿತು ಎಂಬುದನ್ನು ಮುಂದಿನ ಯುಗಾದಿಯವರೆಗೂ ಹೇಳುತ್ತಿದ್ದ. ಸೇತುವೆ ಏನಾಯಿತಪ್ಪ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಅದು ಬಂದುಬಿಟ್ಟರೆ ಮುಂದಿನ ವರ್ಷ ನಾನು ಏನನ್ನು ಕೇಳಲಿ ಎಂದು ನನ್ನನ್ನೇ ಕೇಳಿದ. ನಾನು ದಂಗಾದೆ. ಅವನ ವಿಷಯದಲ್ಲಿ ಅದು ಮೊದಲನೆಯದು. ಮುಂದಿನವುಗಳ ಎದುರು ಅದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ಆಗ ನಮ್ಮ ಜಿಲ್ಲೆಯಲ್ಲಿ ಎರಡು ಪಕ್ಷಗಳಿದ್ದವು. ಎರಡಕ್ಕೂ ಬಾಯಿ ತುಂಬುವಷ್ಟು ಉದ್ದನೆಯ ಹೆಸರುಗಳಿದ್ದವು. ಆದರೆ ಅಷ್ಟುದ್ದ ಹೇಳುವ ಪುರುಸೊತ್ತು ಯಾರಿಗಿತ್ತು? ಒಂದು ಪಕ್ಷದವರು ಜರಿಯಂಚಿನ ಪೇಟ ಕಟ್ಟುತ್ತಿದ್ದರು, ಅವರು ಪೇಟದವರು. ಇನ್ನೊಂದರವರು ಬಿಳಿ ಖಾದಿ ಟೋಪಿ ಇಡುತ್ತಿದ್ದರು, ಅವರು ಟೋಪಿಯವರು. ಟೋಪಿ ಎಂದ ಕೂಡಲೆ ನಿಮಗೆ ಹೊಳೆಯುವ ಹಾಸ್ಯವನ್ನು ನಮ್ಮ ಸಂತೆಪೇಟೆಯವರು ಆಗಲೇ ಮಾಡಿ ಮಾಡಿ ಹಳಸಿಟ್ಟಿದ್ದರು, ನಾನು ಮತ್ತೆ ಮಾಡುವುದಿಲ್ಲ. ನನಗಂತೂ ಯಾವ ಪಕ್ಷವೂ ಇರಲಿಲ್ಲ. ನನ್ನದು ಜವಳಿ ಅಂಗಡಿ. ಪೇಟದ ಬಟ್ಟೆಯನ್ನೂ ನಾನೇ ಅಳೆದು ಕೊಡುತ್ತಿದ್ದೆ, ಟೋಪಿಯನ್ನೂ ನಾನೇ ಮಾರುತ್ತಿದ್ದೆ. ಬೆಳಗ್ಗೆ ಒಬ್ಬರು ಬಂದು ಟೋಪಿಯವರನ್ನು ಬೈದರೆ ಹೌದೆನ್ನುತ್ತಿದ್ದೆ, ಸಂಜೆ ಇನ್ನೊಬ್ಬರು ಬಂದು ಪೇಟದವರನ್ನು ಬೈದರೆ ಅದಕ್ಕೂ ಹೌದೆನ್ನುತ್ತಿದ್ದೆ. ನಾನು ತಲೆಗೆ ಸುತ್ತುತ್ತಿದ್ದದ್ದು ಜರಿಯೂ ಇಲ್ಲದ, ಖಾದಿಯೂ ಅಲ್ಲದ, ಬಣ್ಣ ಇಂಥದ್ದೇ ಎಂದು ಹೇಳಲಾಗದ ಒಂದು ರುಮಾಲು. ವ್ಯಾಪಾರಸ್ಥನ ತಲೆ ಹಾಗೇ ಇರಬೇಕೆಂದು ನಮ್ಮ ತಂದೆ ಹೇಳಿಕೊಟ್ಟಿದ್ದರು.

ಕೊಟ್ರಪ್ಪ ಮೊದಲಿನಿಂದಲೂ ಪೇಟದವನು. ಜಿಲ್ಲಾ ಬೋರ್ಡಿನ ಕೆಲಸಕ್ಕೆಂದು ದುರ್ಗಕ್ಕೆ ಬಂದರೆ ಇಳಿಯುವುದು ನಮ್ಮ ಮನೆಯಲ್ಲಿ. ಬಂದವನು ಕಾಲು ತೊಳೆದು, ತಲೆಯ ಮೇಲಿನ ಜರಿಪೇಟವನ್ನು ಸುತ್ತು ಬಿಚ್ಚದ ಹಾಗೆ ಎರಡು ಕೈಯಲ್ಲೂ ಎತ್ತಿ, ನಡುಮನೆಯ ಗೋಡೆಯ ಗೂಟಕ್ಕೆ ಏರಿಸುತ್ತಿದ್ದ. ಬಾಗಿಲು ತೆರೆದಿದ್ದರೆ ಆ ಗೂಟ ಬೀದಿಗೆ ಕಾಣುತ್ತಿತ್ತು. ಗೂಟದ ಮೇಲೆ ಪೇಟ ಕಂಡರೆ ಮೆಂಬರು ಬಂದಿದ್ದಾರೆಂದು ಜನ ಜಗಲಿ ಹತ್ತುತ್ತಿದ್ದರು, ಕಾಣದಿದ್ದರೆ ಹಾಗೇ ಮುಂದೆ ಹೋಗುತ್ತಿದ್ದರು. ಮನೆ ನನ್ನದು, ಗೂಟ ಬಡಿದವನೂ ನಾನು. ಆದರೂ ನನ್ನ ರುಮಾಲಿಗೆ ಅಲ್ಲಿ ಜಾಗವಿರಲಿಲ್ಲ. ಅದು ಅಡುಗೆಮನೆಯ ಕಡೆ, ಒನಕೆಯ ಪಕ್ಕದಲ್ಲಿ ನೇತಾಡುತ್ತಿತ್ತು. ತಮ್ಮನ ಪೇಟಕ್ಕೆ ಬೇರೆ ಗೂಟ ಬಡಿಯೋಣವೇ ಎಂದು ನೀಲಮ್ಮನನ್ನು ಕೇಳಿದ್ದೆ. ನಿಮ್ಮ ರುಮಾಲನ್ನು ನೋಡಲು ಬೀದಿಯಲ್ಲಿ ಯಾರು ಕಾದಿದ್ದಾರೆ ಎಂದಳು. 

ನಮಗೆ ಒಬ್ಬಳೇ ಮಗಳು, ಗಿರಿಜ. ಅವಳಿಗೆ ಹೊಸದುರ್ಗದ ಸಂಬಂಧ ತಂದವನೂ ಕೊಟ್ರಪ್ಪನೇ. ಹುಡುಗನ ತಂದೆ ಮಹಾಲಿಂಗಪ್ಪನವರು ಕೊಬ್ಬರಿ ವ್ಯಾಪಾರಿ, ಮಾತು ಕಡಿಮೆ, ಆ ತಾಲ್ಲೂಕಿನ ಪೇಟದವರಿಗೆಲ್ಲ ಹಿರಿಯರು. ಹುಡುಗ ತಂದೆಯ ಜೊತೆ ಬಂದು, ಉಪ್ಪಿಟ್ಟು ತಿಂದು, ತಗ್ಗಿಸಿದ ತಲೆಯಲ್ಲೇ ಗಿರಿಜಳನ್ನು ನೋಡಿಕೊಂಡು ಹೋದ. ಮರುದಿನದಿಂದ ನಮ್ಮ ಮನೆಯ ಸಾರಿಗೆ ಕಾಯಿ ಜಾಸ್ತಿ ಬೀಳತೊಡಗಿತು. ಹೊಸದುರ್ಗದ ಕಡೆ ಹೀಗೇ ಮಾಡುವುದಂತೆ ಎಂದು ಗಿರಿಜ ತಾಯಿಗೆ ಹೇಳಿದಳಂತೆ. ಅದನ್ನು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು, ಖಾರ ಹೆಚ್ಚಾಗಿದೆ ಎಂದೆ. ಎರಡು ಕಡೆಯಿಂದಲೂ ಮಾತಾಯಿತು. ಸಂಬಂಧ ಗಟ್ಟಿಮಾಡುವ ವೀಳ್ಯದ ಶಾಸ್ತ್ರಕ್ಕೆ ದಿನ ನೋಡುವುದೊಂದೇ ಬಾಕಿ. ಊರಿಗೆಲ್ಲ ಗೊತ್ತಾಗಿತ್ತು. ಹೀಗೆ ಊರಿಗೆ ಗೊತ್ತಾದ ಮೇಲೆ ಸಂಬಂಧ ಮುರಿದರೆ ಜನ ಹೆಣ್ಣಿನ ತಲೆಗೆ ಏನೇನು ಕಟ್ಟುತ್ತಾರೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದೆ, ಕೊಟ್ರಪ್ಪ ಚಿಕ್ಕಜಾಜೂರಿನ ರೈಲಿಳಿದು ಬಂದ. ಕಾಲು ತೊಳೆದ. ಗೂಟದ ಕಡೆ ಹೋದ. ಅವನು ಗೂಟಕ್ಕೆ ಸಿಕ್ಕಿಸಿದ್ದು ಒಂದು ಬಿಳಿ ಟೋಪಿ. ನನ್ನ ಕೈಯಲ್ಲಿದ್ದ ಮುದ್ದೆಯ ತುತ್ತು ಕೈಯಲ್ಲೇ ಉಳಿಯಿತು. ಗರ ಬಡಿದವನ ಹಾಗೆ ಟೋಪಿಯನ್ನು ನೋಡುತ್ತಿದ್ದೆ, ಅವನನ್ನು ನೋಡುತ್ತಿದ್ದೆ, ಮತ್ತೆ ಟೋಪಿಯನ್ನು ನೋಡುತ್ತಿದ್ದೆ. ಅವನು ಮಾತ್ರ ಏನೂ ಆಗದವನಂತೆ ನನ್ನ ಪಕ್ಕದಲ್ಲಿ ಕೂತು ಅಕ್ಕನಿಗೆ ತಟ್ಟೆ ಹಾಕಲು ಹೇಳಿದ. ವಿಷಯ ನಿಧಾನವಾಗಿ ಹೊರಬಿತ್ತು. ಬೋರ್ಡಿನ ಉಪಾಧ್ಯಕ್ಷರ ಕುರ್ಚಿ ತನಗೇ ಎಂದು ಅವನು ನಂಬಿದ್ದ. ಪೇಟದವರು ಅದನ್ನು ಹಿರಿಯೂರಿನವರಿಗೆ ಕೊಟ್ಟರು. ಮಾರಿಕಣಿವೆ ಅಣೆಕಟ್ಟೆಯ ನೀರು ಬಂದಮೇಲೆ ಹಿರಿಯೂರಿನವರ ಗಂಟಲು ದೊಡ್ಡದಾಗಿದೆ ಎಂದು ಕೊಟ್ರಪ್ಪ ಸ್ವಲ್ಪ ಹೊತ್ತು ಬೈದ. ಆಮೇಲೆ, ಇದಕ್ಕೂ ಕುರ್ಚಿಗೂ ಸಂಬಂಧವಿಲ್ಲ, ತನ್ನ ಮನಸ್ಸೇ ಬದಲಾಗಿದೆ ಎಂದ.

“ತಲೆಗೆ ಗಾಳಿ ಆಡಂಗಿರಬೇಕು ಭಾವ. ಆ ಪೇಟದಾಗೆ ಯೋಚ್ನೆ ಅನ್ನೋದೇ ಒಳಕ್ಕೆ ಹೋಗ್ತಿರ್ಲಿಲ್ಲ.”

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಹೇಗೋ ಸುಧಾರಿಸಿಕೊಳ್ಳುತ್ತಿದ್ದೆ. ಚಿಕ್ಕಜಾಜೂರಿನಲ್ಲಿ ಸ್ಟೇಷನ್ನಿನ ಹೊರಗೆ ಸಭೆ ಮಾಡಿ, ಮನೆದೇವರ ಹೆಸರು ಹಿಡಿದು, ಈ ತಲೆಗೆ ನಾನು ಇನ್ನು ಪೇಟ ಕಟ್ಟುವುದಿಲ್ಲ ಎಂದು ಆಣೆಯನ್ನೂ ಮಾಡಿ ಬಂದಿದ್ದ. ಮಹಾಲಿಂಗಪ್ಪನವರು ಏನೆನ್ನುತ್ತಾರೋ ಮಾರಾಯ ಎಂದು ನಾನು ತೊದಲಿದೆ. ಅವರು ದೊಡ್ಡವರು, ರಾಜಕೀಯವನ್ನು ಮದುವೆಗೆ ಬೆರೆಸುವುದಿಲ್ಲ ಎಂದು ಎರಡನೆಯ ಮುದ್ದೆಗೆ ಕೈ ಹಾಕಿದ. ಗಿರಿಜ ಸಾರಿನ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

ಮಹಾಲಿಂಗಪ್ಪನವರು ಬೆರೆಸಿದರೋ ಬಿಟ್ಟರೋ, ಹೊಸದುರ್ಗದಿಂದ ಸುದ್ದಿಯೇ ನಿಂತುಹೋಯಿತು. ದಿನ ನೋಡಿ ಹೇಳಿ ಕಳಿಸುತ್ತೇವೆ ಎಂದವರು ಹೇಳಿ ಕಳಿಸಲಿಲ್ಲ. ಆ ಕಡೆಯಿಂದ ಬಂಡಿ ಬಂದರೆ ನಾನು ಅಂಗಡಿಯಿಂದ ಇಳಿದು ಬೀದಿಗೇ ಹೋಗಿ ನಿಲ್ಲುತ್ತಿದ್ದೆ. ಬಂಡಿಯವರು ಕೊಬ್ಬರಿ ಇಳಿಸಿ, ಎತ್ತಿಗೆ ನೀರು ತೋರಿಸಿ, ನನ್ನತ್ತ ತಿರುಗಿಯೂ ನೋಡದೆ ಹೋಗುತ್ತಿದ್ದರು. ನೀಲಮ್ಮ ದೇವರಿಗೆ ಹರಕೆ ಹೊತ್ತಳು, ತಮ್ಮನನ್ನು ಬೈದಳು, ತಮ್ಮನನ್ನು ಮನೆಗೆ ಸೇರಿಸಿದ್ದಕ್ಕೆ ನನ್ನನ್ನೂ ಬೈದಳು. ಗಿರಿಜ ಯಾರನ್ನೂ ಬೈಯಲಿಲ್ಲ. ನಮ್ಮ ಮನೆಯ ಸಾರಿನಲ್ಲಿ ಕಾಯಿ ಮೊದಲು ಹಿಂದಿನ ಅಳತೆಗೆ ಬಂತು, ಆಮೇಲೆ ಅದಕ್ಕಿಂತ ಕಡಿಮೆಯಾಯಿತು, ಒಂದು ದಿನ ಕಾಯಿಯೇ ಇಲ್ಲದ ಸಾರು ತಟ್ಟೆಗೆ ಬಿತ್ತು. ನಾನು ತಲೆಯೆತ್ತದೆ ಉಂಡು ಎದ್ದೆ. ಅಂಥ ಸಂಕಟವನ್ನು ನಾನು ಅದಕ್ಕೆ ಮುಂಚೆ ಉಂಡಿರಲಿಲ್ಲ.

ಆಮೇಲೊಂದು ದಿನ ಮಹಾಲಿಂಗಪ್ಪನವರೇ ನಮ್ಮ ಅಂಗಡಿಗೆ ಬಂದು ಜಮಖಾನದ ಮೇಲೆ ಕೂತರು. ಒಳ್ಳೆಯ ಜರಿಪೇಟ ತೋರಿಸಿ ಎಂದರು. ತೋರಿಸಿದೆ. ಇದಕ್ಕಿಂತ ಒಳ್ಳೆಯದು ಎಂದರು. ಬೀರುವಿನ ತಳದಿಂದ, ಯಾರಿಗೂ ತೋರಿಸದೆ ಇಟ್ಟಿದ್ದದ್ದನ್ನು ತೆಗೆದೆ. ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ಬೆಲೆ ಕೇಳದೆ ದುಡ್ಡು ಕೊಟ್ಟು, ಮಡಿಲಲ್ಲಿಟ್ಟುಕೊಂಡ ಮೇಲೆ ಮಾತು ತೆಗೆದರು.

“ಹೆಣ್ಣು ನಮಗೆ ಒಪ್ಗೆ ಐತೆ, ಬೀಗ್ರೇ. ನಮ್ಮ ಮನೆತನದಾಗೆ ಒಂದು ಪದ್ಧತಿ. ವೀಳ್ಯದ ದಿನ ಹೆಣ್ಣಿನ ಸೋದರಮಾವಗೆ ಗಂಡಿನ ತಂದೆ ಕೈಯಾರೆ ಪೇಟ ಕಟ್ಟಬೇಕು. ನಮ್ಮ ತಾತ ಕಟ್ಟಿದ್ರು, ನಮ್ಮಪ್ಪ ಕಟ್ಟಿದ್ರು. ಅದಾಗ್ಲಿಲ್ಲ ಅಂದ್ರೆ ಶಾಸ್ತ್ರ ಆಗಂಗಿಲ್ಲ.”

ಅಷ್ಟೇ. ಅವರ ಮುಖದಲ್ಲಿ ಕೋಪವಿಲ್ಲ, ಕುಹಕವಿಲ್ಲ, ಏನೂ ಇಲ್ಲ. ಆ ಮನುಷ್ಯ ಪದ್ಧತಿಯ ಮಾತು ಆಡಿದರೋ ರಾಜಕೀಯದ ಮಾತು ಆಡಿದರೋ ಇವತ್ತಿಗೂ ನಾನು ಹೇಳಲಾರೆ. ಪದ್ಧತಿಯಂತೂ ಸುಳ್ಳಲ್ಲ, ನಮ್ಮ ಕಡೆ ಬೀಗರು ಸೋದರಮಾವನಿಗೆ ಪೇಟದ ಉಡುಗೊರೆ ಮಾಡುವುದು ಇದ್ದದ್ದೇ. ಆದರೆ ಪೇಟ ಕಟ್ಟಿಸಿಕೊಂಡರೆ ಕೊಟ್ರಪ್ಪನ ಆಣೆ ಹೋಯಿತು, ಕಟ್ಟಿಸಿಕೊಳ್ಳದಿದ್ದರೆ ನನ್ನ ಮಗಳ ಮದುವೆ ಹೋಯಿತು. ಬೀಗರು ಹೋದ ಮೇಲೆ ನಾನು ಅಂಗಡಿಯ ಬಾಗಿಲೆಳೆದು ಮನೆಗೆ ಓಡಿದೆ. ಚಪ್ಪಲಿ ಅಂಗಡಿಯಲ್ಲೇ ಬಿಟ್ಟಿದ್ದೆನೆಂಬುದು ಮನೆ ಸೇರಿದ ಮೇಲೆ ತಿಳಿಯಿತು.

ಕೊಟ್ರಪ್ಪನನ್ನು ಕರೆಸಿದೆವು. ಅವನು ಆಗುವುದೇ ಇಲ್ಲ ಎಂದು ಕೂತ. ದೇವರ ಆಣೆ, ಜನರ ಎದುರು ಮಾಡಿದ್ದು, ನಾಳೆ ಚಿಕ್ಕಜಾಜೂರಿನಲ್ಲಿ ರೈಲು ಇಳಿಯುವುದು ಹೇಗೆ ಎಂದ. ನಾನು ಕೈ ಮುಗಿದೆ, ಗದರಿಸಿದೆ, ಮತ್ತೆ ಕೈ ಮುಗಿದೆ. ನೀಲಮ್ಮ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು, ಆಣೆ ಹೇಗೆ ಮಾಡಿದೆ, ಅದೇ ಮಾತಿನಲ್ಲಿ ಹೇಳು ಎಂದು ಕೇಳಿದಳು. ಈ ತಲೆಗೆ ನಾನು ಇನ್ನು ಪೇಟ ಕಟ್ಟುವುದಿಲ್ಲ ಎಂದು, ಅಂದ ಅವನು.

“ನೀನು ಕಟ್ಟಬ್ಯಾಡ ಬಿಡಪ್ಪ. ಕಟ್ಟೋರು ಮಹಾಲಿಂಗಪ್ಪನೋರು. ನೀನು ತಲೆ ಕೊಟ್ಟು ಸುಮ್ನೆ ಕುಂತ್ಕ.”

ಕೊಟ್ರಪ್ಪ ಬಾಯಿ ತೆರೆದು ಮುಚ್ಚಿದ. ನಾನು ತೆರೆದದ್ದನ್ನು ಮುಚ್ಚಲೇ ಇಲ್ಲ. ದಸರೆಯ ಸಭೆಗೆ ಈ ಅಕ್ಕ ತಮ್ಮಂದಿರಲ್ಲಿ ಹೋಗಬೇಕಾಗಿದ್ದವರು ಯಾರು, ಹೋಗುತ್ತಿದ್ದವರು ಯಾರು! ಅಷ್ಟರಲ್ಲಿ ಗಿರಿಜ ಮಾವನಿಗೆ ಮಜ್ಜಿಗೆ ತಂದಿಟ್ಟು, ಮುಖ ತೋರಿಸದೆ ಒಳಗೆ ಹೋದಳು. ಅವಳು ಕೂಸಾಗಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಕೋಟೆ ಹತ್ತಿಸಿದವನು ಅವನೇ. ಲೋಟವನ್ನು ಸ್ವಲ್ಪ ಹೊತ್ತು ಕೈಯಲ್ಲಿ ತಿರುಗಿಸುತ್ತಿದ್ದು, ಒಂದು ದಿನದ ಮಟ್ಟಿಗೆ ಆಗಬಹುದು ಎಂದ. ಬೆಳಗ್ಗೆ ಕಟ್ಟಿದ್ದನ್ನು ಸಂಜೆ ತೆಗೆದು ಟೋಪಿ ಇಟ್ಟುಕೊಳ್ಳುತ್ತೇನೆ, ಟೋಪಿಯವರಿಗೆ ಇದು ಬರೀ ಶಾಸ್ತ್ರ ಎಂದು ಹೇಳಿ ಅವರನ್ನೂ ಸಾಕ್ಷಿಗೆ ಕರೆತರುತ್ತೇನೆ ಎಂದ. ನನಗೆ ಹೋದ ಜೀವ ಬಂತು.

ಶಾಸ್ತ್ರದ ದಿನ ಬೀಗರು ಒಳಗೆ, ಟೋಪಿಯವರು ಜಗಲಿಯ ಮೇಲೆ. ಒಳಗೆ ಶಾಸ್ತ್ರ ಮಾಡಿಸುವ ಅಯ್ನೋರು, ಎರಡು ಕಡೆಯ ನೆಂಟರು. ಹೊರಗೆ ಸಾಲಾಗಿ ಬಿಳಿ ಟೋಪಿಗಳು, ತಮ್ಮ ಮನುಷ್ಯನ ತಲೆಯನ್ನು ಕಾಯುವುದಕ್ಕೆ ಬಂದವರ ಹಾಗೆ ಕೈಕಟ್ಟಿ ಕೂತಿದ್ದರು. ನಾನು ಪೂಜೆಗೆ ಕೂತು ಎದ್ದಿದ್ದೆನಾದ್ದರಿಂದ ತಲೆಗೆ ರುಮಾಲು ಇರಲಿಲ್ಲ. ಒಂದು ಕೈಯಲ್ಲಿ ಎಲೆ ಅಡಿಕೆಯ ಹರಿವಾಣ, ಇನ್ನೊಂದರಲ್ಲಿ ತೆಂಗಿನಕಾಯಿ. ಮಹಾಲಿಂಗಪ್ಪನವರು ಪೇಟ ಬಿಡಿಸಿ ನಿಂತರು. ಮಣೆಯ ಮೇಲೆ ಕೂತ ಕೊಟ್ರಪ್ಪ ಟೋಪಿ ತೆಗೆದು, ಹಿಡಕಳ್ರಿ ಭಾವ ಎಂದು ನನ್ನ ಕಡೆ ಚಾಚಿದ. ಹಿಡಿದುಕೊಳ್ಳಲು ನನಗೆ ಮೂರನೆಯ ಕೈ ಎಲ್ಲಿತ್ತು? ನೆಲದ ಮೇಲೆ ಇಡು ಎನ್ನುವ ಹಾಗಿಲ್ಲ, ಅದು ಗಂಡಸಿನ ತಲೆಯ ಮೇಲಿನದು, ಅದೂ ಶುಭಕಾರ್ಯದ ಹೊತ್ತು. ಹರಿವಾಣದ ಮೇಲೆ ಇಡು ಎನ್ನುವ ಹಾಗಿಲ್ಲ, ಅಲ್ಲಿ ಅರಿಶಿನ ಕುಂಕುಮ. ಗೂಟ ನೆಂಟರ ಗುಂಪಿನ ಆಚೆ. ಅಯ್ನೋರು ಹೊತ್ತು ಮೀರುತ್ತದೆ ಎಂದರು. ಮುಂದೆ ನಾನೇ ತಲೆ ಬಗ್ಗಿಸಿದೆನೋ, ಅವನೇ ಎದ್ದು ಇಟ್ಟನೋ, ಈ ಬಗ್ಗೆ ನಮ್ಮಿಬ್ಬರಲ್ಲಿ ಇಂದಿಗೂ ಒಮ್ಮತವಿಲ್ಲ. ಟೋಪಿ ನನ್ನ ತಲೆಯ ಮೇಲೆ ಬಂದು ಕೂತಿತು.

ಪೇಟ ಕಟ್ಟಿದ್ದಾಯಿತು, ವೀಳ್ಯ ಬದಲಾಯಿಸಿದ್ದಾಯಿತು. ಬಾಗಿಲ ಹಿಂದೆ ಗಿರಿಜಳ ಬಳೆ ಸದ್ದಾಯಿತು. ನನಗೆ ಆದ ಸಂತೋಷದಲ್ಲಿ ತಲೆಯ ಮೇಲೆ ಏನಿದೆ ಎಂಬುದರ ಗೊಡವೆಯೇ ಇಲ್ಲ. ಸಕ್ಕರೆಯ ತಟ್ಟೆ ಹಿಡಿದು ನೇರ ಜಗಲಿಗೆ ಹೋದೆ. ನನ್ನ ಹಿಂದೆಯೇ ಕೊಟ್ರಪ್ಪನೂ ಬಂದ. ಟೋಪಿಯವರು ಅವನ ಜರಿಪೇಟವನ್ನು ನೋಡಿದರು. ಶಾಸ್ತ್ರ ಎಂದು ಮೊದಲೇ ಕೇಳಿದ್ದರೂ, ಕಣ್ಣಾರೆ ಕಂಡಾಗ ಅವರ ಮುಖಗಳು ಇಳಿದುಹೋದವು. ಆಮೇಲೆ ನನ್ನನ್ನು ನೋಡಿದರು. ಅವರಲ್ಲಿ ಹಿರಿಯನೊಬ್ಬ ಎದ್ದು ಬಂದು, ತಟ್ಟೆಯ ಸಮೇತ ನನ್ನನ್ನು ತಬ್ಬಿಕೊಂಡ.

“ಒಬ್ರು ಹೋದ್ರೆ ಏನಾತು ಬಿಡ್ರಪ್ಪ, ಇನ್ನೊಬ್ರು ಬಂದ್ರು.”

ಸಕ್ಕರೆ ಜಗಲಿಯ ತುಂಬ ಚೆಲ್ಲಿತು. ಇದು ನನ್ನದಲ್ಲ ಮಾರಾಯರೆ, ಕೊಟ್ರಪ್ಪನದು, ಸಂಜೆ ಅವನೇ ವಾಪಸು ಇಟ್ಟುಕೊಳ್ಳುತ್ತಾನೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ತಿರುಗಿ ನೋಡಿದರೆ ಬಾಗಿಲಲ್ಲಿ ಮಹಾಲಿಂಗಪ್ಪನವರು ನಿಂತಿದ್ದಾರೆ. ಆ ಮಾತು ಅವರ ಕಿವಿಗೆ ಬಿದ್ದರೆ ಕಟ್ಟಿದ ಪೇಟವನ್ನು ಬಿಚ್ಚಿಕೊಂಡು ಹೋದಾರು. ಬಂದ ಮಾತನ್ನು ನುಂಗಿಕೊಂಡು ನಿಂತೆ. ಟೋಪಿಯವರು ನನ್ನ ಹೆಸರು ಹಿಡಿದು ಜೈ ಎಂದರು. ನನ್ನ ಹೆಸರಿಗೆ ಯಾರಾದರೂ ಜೈ ಎಂದದ್ದು ಹುಟ್ಟಿದಮೇಲೆ ಅದೇ ಮೊದಲು.

ಸಂಜೆಯಾಯಿತು. ಟೋಪಿ ಗೂಟದ ಮೇಲೆ ಕಾಯುತ್ತಿತ್ತು. ಕೊಟ್ರಪ್ಪ ಅದರ ಕಡೆ ನೋಡಲೇ ಇಲ್ಲ. ಹೊರಡುವಾಗ ಮಹಾಲಿಂಗಪ್ಪನವರು ಅವನನ್ನು ಪಕ್ಕಕ್ಕೆ ಕರೆದು, ಬೋರ್ಡಿನ ಆ ಕುರ್ಚಿ ಬೇಗನೆ ಖಾಲಿಯಾದೀತು ಎಂದಷ್ಟೇ ಹೇಳಿ ಬಂಡಿ ಹತ್ತಿದ್ದರಂತೆ. ಬೀಗರು ಶಾಸ್ತ್ರದಲ್ಲಿ ಕಟ್ಟಿದ ಪೇಟವನ್ನು ಮದುವೆಗೆ ಮುಂಚೆ ಬಿಚ್ಚಿದರೆ ಅಪಶಕುನ ಎಂದು ಕೊಟ್ರಪ್ಪ ನನಗೆ ತಿಳಿಸಿದ. ಅವನಿಗೆ ಶಕುನದಲ್ಲಿ ಇಷ್ಟು ನಂಬಿಕೆಯಿದೆಯೆಂದು ನನಗೆ ಗೊತ್ತಿರಲಿಲ್ಲ. ಆಣೆ ಎಂದೆ. ಕಟ್ಟಿದವನು ನಾನಲ್ಲವಲ್ಲ ಎಂದ. ಜರಿಪೇಟದಲ್ಲೇ ರೈಲು ಹತ್ತಿ ಹೋದ. ಇಷ್ಟು ಸಲೀಸಾಗಿ ಮನುಷ್ಯ ಆಚೆಗೂ ಈಚೆಗೂ ಆಗಬಲ್ಲನೇ ಎಂದು ನಾನು ಆ ಗೂಟದ ಕೆಳಗೆ ನಿಂತು ಬಹಳ ಹೊತ್ತು ದಂಗಾಗಿದ್ದೆ.

ಆದರೆ ನನ್ನ ಕಷ್ಟ ಅಲ್ಲಿಂದ ಶುರುವಾಯಿತು. ಮರುದಿನ ಅಂಗಡಿ ತೆಗೆದರೆ ಮೆಟ್ಟಿಲ ಮೇಲೆ ಟೋಪಿಯವರು. ಪೇಟದ ಗಿರಾಕಿಗಳು ಎದುರು ಅಂಗಡಿಗೆ ದಾಟಿದರು. ಟೋಪಿಯವರಾದರೂ ಏನಾದರೂ ಕೊಂಡರೇ? ಇಲ್ಲ. ಕೂತು ದೇಶದ ಸುದ್ದಿ ಹೇಳುತ್ತಿದ್ದರು. ಅವರು ಏನು ಹೇಳಿದರೂ ನಾನು ನನ್ನ ಗುಣಕ್ಕೆ ತಕ್ಕಂತೆ ‘ಹೌದೇ?’ ಎಂದು ಎದೆಯ ಮೇಲೆ ಕೈ ಇಡುತ್ತಿದ್ದೆ. ತಮ್ಮೂರ ಹಳ್ಳಕ್ಕೆ ಇನ್ನೂ ಸೇತುವೆ ಆಗಿಲ್ಲ ಎನ್ನುವರು, ಹೌದೇ ಎನ್ನುವೆ. ಕಂದಾಯ ಏರಿಸುತ್ತಾರಂತೆ ಎನ್ನುವರು, ಹೌದೇ ಎನ್ನುವೆ. ನನ್ನ ಗಾಬರಿಯನ್ನು ಅವರು ಪ್ರಜೆಗಳ ಮೇಲಿನ ಕನಿಕರವೆಂದು ತಿಳಿದರು. ಎಷ್ಟು ನೊಂದುಕೊಳ್ಳುತ್ತಾರೆ ನೋಡಿ ಎಂದು ಸುದ್ದಿ ಹಬ್ಬಿತು. ಯಲ್ಲದಕೆರೆಯಿಂದ ಒಬ್ಬರು ಬಂದು ನನ್ನನ್ನು ಸುಮ್ಮನೆ ನೋಡಿಕೊಂಡು ಹೋದರು. ಧರ್ಮಪುರದ ಒಬ್ಬ ಮುದುಕ ಒಂದು ಚೀಲ ಕಡಲೆಕಾಯಿ ಹೊತ್ತು ತಂದು, ನಮ್ಮ ಕಷ್ಟಕ್ಕೆ ಗಾಬರಿ ಬೀಳುವ ದೊಡ್ಡವರನ್ನು ಇಲ್ಲಿಯವರೆಗೆ ಕಂಡಿರಲಿಲ್ಲ ಎಂದು ಕಣ್ಣೊರೆಸಿಕೊಂಡ. ಅಂಥವರ ಮುಂದೆ ಬಣ್ಣವಿಲ್ಲದ ರುಮಾಲಿನಲ್ಲಿ ಕೂರುವುದು ಹೇಗೆ? ಟೋಪಿ ಇಟ್ಟುಕೊಂಡೇ ಕೂರತೊಡಗಿದೆ. ಕಡಲೆಕಾಯಿ ಬಹಳ ಚೆನ್ನಾಗಿತ್ತು. ಎಂದಿನಿಂದಲೋ ತಿಳಿಯದು, ಮನೆಗೆ ಬಂದರೆ ನಡುಮನೆಯ ಗೂಟಕ್ಕೆ ನನ್ನ ಕೈ ತಾನಾಗಿ ಹೋಗುತ್ತಿತ್ತು. ಬೀದಿಯಲ್ಲಿ ಹೋಗುವವರು ಟೋಪಿ ಕಂಡು ಜಗಲಿ ಹತ್ತುತ್ತಿದ್ದರು.

ಹೊಸದುರ್ಗದಿಂದ ಒಂದು ತಕರಾರೂ ಬರಲಿಲ್ಲ. ಹುಡುಗಿಯ ತಂದೆ ಎದುರು ಪಕ್ಷವಾದರೇನು, ಒಂದೇ ತಲೆಯ ಮನುಷ್ಯ ಎಂದು ಮಹಾಲಿಂಗಪ್ಪನವರು ಹೇಳಿದರೆಂದು ತಿಳಿಯಿತು. ನಮ್ಮ ಸಾರಿಗೆ ಮತ್ತೆ ಕಾಯಿ ಬಂತು. ಚಪ್ಪರಕ್ಕೆ ಗಳ ಬಂದು ಬಿತ್ತು. ಆಗ ಒಂದು ಬೆಳಗ್ಗೆ ಕೊಟ್ರಪ್ಪ ಬರಿತಲೆಯಲ್ಲಿ ಬಂದ. ಜರಿಪೇಟ ಹೆಗಲ ವಲ್ಲಿಯಲ್ಲಿ ಸುತ್ತಿಕೊಂಡು ಕಂಕುಳಲ್ಲಿತ್ತು. ಬರಿತಲೆಯ ಗಂಡಸು ಬೆಳಗ್ಗೆಯೇ ಬಾಗಿಲಿಗೆ ಬಂದದ್ದು ನೋಡಿ ಯಾರೋ ಹೋದರೆಂದು ನಾನು ಹೌಹಾರಿದೆ. ಹೋಗಿದ್ದು ಕುರ್ಚಿ. ಖಾಲಿಯಾದ ಆ ಕುರ್ಚಿಗೆ ಪೇಟದವರು ಮತ್ತೆ ಹಿರಿಯೂರಿನವರನ್ನೇ ಕೂರಿಸಿದ್ದರು. ಅವನು ಟೋಪಿಯವರ ಹತ್ತಿರ ಹೋಗಿ ಮತ್ತೆ ಸೇರಿಸಿಕೊಳ್ಳಿ ಎಂದು ಕೇಳಿದ್ದನಂತೆ. ಅವರು, ಅವತ್ತು ಯಾರ ತಲೆಗೆ ಇಟ್ಟು ಹೋದೆಯೋ ಅವರ ಕೈಯಿಂದಲೇ ಮತ್ತೆ ಇಡಿಸಿಕೊಂಡು ಬಾ, ಅವರು ಒಪ್ಪಿದರೆ ನಾವೂ ಒಪ್ಪುತ್ತೇವೆ ಎಂದರಂತೆ. ಅವತ್ತೇ ಸಂಜೆ ಅವರ ಸಭೆ.

“ಆ ಟೋಪಿ ತಗಂಡು ನನ್ನ ತಲೆಗೆ ಇಡ್ರಿ ಭಾವ. ಅಲ್ಲಿಗೆ ಹೋಗಾಣ, ಬರ್ರಿ.”

ನನ್ನ ಕಣ್ಣಿಗೆ ಚಪ್ಪರದ ಗಳ ಕಂಡಿತು. ಒಳಗೆ ಗಿರಿಜ ಕಾಯಿ ತುರಿಯುವ ಸದ್ದು ಕೇಳುತ್ತಿತ್ತು. ಇವನ ತಲೆಯ ಮೇಲೆ ಸಂಜೆ ಟೋಪಿ ಕಂಡರೆ ಮಹಾಲಿಂಗಪ್ಪನವರು ತಾವು ಕೈಯಾರೆ ಕಟ್ಟಿದ ಪೇಟಕ್ಕೆ ಆದ ಅವಮಾನವನ್ನು ಬೆಳಗಾಗುವವರೆಗೂ ಸಹಿಸುವವರಲ್ಲ. ಇಡುವುದಿಲ್ಲ ಎಂದೆ. ಯಾಕೆ ಎಂದ. ಆಗ ನಾನು ಬಾಯಿ ಬಿಟ್ಟೆ. ಪಕ್ಷವೆಂದರೆ ಛತ್ರವಲ್ಲ, ಮಳೆ ಬಂದಾಗ ಒಳಗೆ ಬಂದು ಬಿಸಿಲು ಬಿದ್ದಾಗ ಹೊರಗೆ ಹೋಗುವುದಕ್ಕೆ. ಮನುಷ್ಯನಿಗೆ ಒಂದು ತಲೆ, ತಲೆಗೆ ಒಂದು ನೀತಿ ಇರಬೇಕು. ಧರ್ಮಪುರದ ಬಡವ ನಂಬಿ ಕಡಲೆಕಾಯಿ ಹೊತ್ತು ತಂದಿದ್ದು ನಿನ್ನಂಥವರ ಮುಖ ನೋಡಿ ಅಲ್ಲ. ಮಗಳ ಮದುವೆ ಉಳಿಸಬೇಕೆಂದು ಶುರುಮಾಡಿದ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಎದೆಯಿಂದಲೇ ಬರುತ್ತಿತ್ತು. ನನ್ನ ಮೈ ಬಿಸಿಯಾಗಿತ್ತು, ದನಿ ಬೀದಿಗೆ ಮುಟ್ಟಿತ್ತು. ಕೊಟ್ರಪ್ಪ ದಂಗಾದ. ಅವನು ದಂಗಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಭಾವ, ಅದು ನನ್ನ ಟೋಪಿ.”

“ಅಲ್ಲ. ನಂದು.”

ಈ ಮಾತು ಯಾರ ಬಾಯಿಂದ ಬಂತೆಂದು ನಾನು ಹಿಂದೆ ತಿರುಗಿ ನೋಡುವುದೊಂದು ಬಾಕಿ. ಕೊಟ್ರಪ್ಪ ವಲ್ಲಿ ಬಿಚ್ಚಿ, ಸುತ್ತು ಕೆಡದೆ ಇದ್ದ ಜರಿಪೇಟವನ್ನು ತಲೆಗೇರಿಸಿಕೊಂಡು, ಅಕ್ಕ ಕೊಟ್ಟ ನೀರನ್ನೂ ಕುಡಿಯದೆ ಹೋದ. ನನ್ನ ದನಿ ಕೇಳಿ ಜಗಲಿಯ ಮೇಲೆ ಬಂದು ಕೂತಿದ್ದ ಟೋಪಿಯವರು ಎದ್ದು ನಿಂತು ನನಗೆ ದಾರಿ ಬಿಟ್ಟರು. ಮುಂದಿನ ದಸರೆಗೆ ನೀವೇ ಮೈಸೂರಿಗೆ ಹೋಗಬೇಕು ಎಂದರು. ನಾನು ಬೇಡ ಎನ್ನಲಿಲ್ಲ. ಆನೆ ನಿಜವಾಗಿ ಎಷ್ಟು ಎತ್ತರ ಇರುತ್ತದೆಂದು ನೋಡಬೇಕೆಂದು ನನಗೂ ಆಸೆಯಿತ್ತು.

ಮದುವೆ ಚೆನ್ನಾಗಿಯೇ ಆಯಿತು. ಕೊಟ್ರಪ್ಪ ಸೋದರಮಾವನ ಕೆಲಸವನ್ನೆಲ್ಲ ಜರಿಪೇಟದಲ್ಲೇ ಮಾಡಿ ಮುಗಿಸಿದ. ತಾಳಿ ಕಟ್ಟಿದ್ದಾಯಿತು, ಅಕ್ಷತೆ ಬಿತ್ತು. ಗಿರಿಜ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಇನ್ನು ನನ್ನ ಮಗಳಿಗೆ ಯಾರ ಪೇಟದಿಂದಲೂ ಯಾರ ಟೋಪಿಯಿಂದಲೂ ಭಯವಿಲ್ಲ ಎಂದು ನಾನು ಉಸಿರು ಬಿಟ್ಟು, ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಮಹಾಲಿಂಗಪ್ಪನವರು ಒಂದು ಹರಿವಾಣ ತಂದು ನನ್ನ ಮುಂದೆ ನಿಂತರು. ಅದರಲ್ಲಿ ಹೊಸ ಜರಿಪೇಟ. ವೀಳ್ಯದ ದಿನ ಸೋದರಮಾವನಿಗೆ, ಮದುವೆಯ ದಿನ ಹೆಣ್ಣಿನ ತಂದೆಗೆ, ಇದು ತಮ್ಮ ಮನೆತನದ ಪದ್ಧತಿ ಎಂದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಬೀಗರನ್ನು ಕೇಳಲಾದೀತೇ? ಚಪ್ಪರದ ಅಂಚಿನಲ್ಲಿ ಟೋಪಿಯವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಧರ್ಮಪುರದ ಮುದುಕನೂ ಇದ್ದ. ಬಾಸಿಂಗದ ಕೆಳಗಿನಿಂದ ಗಿರಿಜ ನನ್ನನ್ನೇ ನೋಡುತ್ತಿದ್ದಳು.

ಜರಿಯ ಅಂಚು ದೀಪದ ಬೆಳಕಿಗೆ ಮಿಂಚುತ್ತಿತ್ತು. ನನ್ನ ಅಂಗಡಿಯಲ್ಲಿ ಎಷ್ಟೋ ಸಾವಿರ ಮೊಳ ಅಳೆದು ಬೇರೆಯವರ ತಲೆಗೆ ಕೊಟ್ಟಿದ್ದೆ, ನನ್ನ ತಲೆಗೆ ಹೇಗೆ ಕಂಡೀತೆಂದು ಒಂದು ದಿನವೂ ನೋಡಿಕೊಂಡಿರಲಿಲ್ಲ. ತಲೆ ತಾನಾಗಿ ಬಗ್ಗಿತು. ಟೋಪಿ ತೆಗೆದೆ. ಹಿಡಿದುಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು ಪಕ್ಕಕ್ಕೆ ತಿರುಗಿದರೆ ಕೊಟ್ರಪ್ಪ. ತನ್ನ ಪೇಟವನ್ನು ಆಗಲೇ ಇಳಿಸಿ ಕಂಕುಳಿಗೆ ಸೇರಿಸಿದ್ದ. ಬರಿತಲೆಯನ್ನು ನನ್ನ ಕೈಯ ಹತ್ತಿರಕ್ಕೆ, ಇಡಲು ಅನುಕೂಲವಾಗುವಂತೆ, ಬಗ್ಗಿಸಿ ನಿಂತಿದ್ದ. ಆಶ್ಚರ್ಯವೆಂದರೆ ಅವನನ್ನು ಕಂಡು ನನಗೆ ಆಶ್ಚರ್ಯವೇ ಆಗಲಿಲ್ಲ. ಎದೆ ಧಸಕ್ಕೆಂದದ್ದು ನನ್ನ ಕೈ ನೋಡಿ. ಮಹಾಲಿಂಗಪ್ಪನವರು ಪೇಟದ ಮೊದಲ ಸುತ್ತು ಹಾಕಿಯಾಗಿತ್ತು, ನನ್ನ ಬೆರಳುಗಳು ಟೋಪಿಯನ್ನು ಬಿಟ್ಟಿರಲಿಲ್ಲ. ನೀಲಮ್ಮ ಹಿಂದಿನಿಂದ ಬಂದು ಮೆಲ್ಲಗೆ ಹೇಳಿದಳು.

“ಇರೋದು ಒಂದೇ ತಲೆ. ಯಾವುದಾರ ಒಂದು ಬಿಡ್ರಿ.”